ಆರ್‌ಡಿ 350ರ ಫ್ಲೋಟ್ ಲೆವೆಲ್: ಕಣ್ಣಳತೆ, ವರ್ನಿಯರ್, ಪೈಪ್

ಎಸ್ಕಾರ್ಟ್ಸ್‌ನವರು ರಾಜದೂತ್ ಹೆಸರಲ್ಲಿ 1983ರಿಂದ ಇಲ್ಲಿ ಮಾಡಿದ ಆರ್‌ಡಿ 350 ಬೈಕ್ ನನ್ನ ಹತ್ತಿರ ಇದೆ. 347 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ). ಎಡಗಡೆ ಸ್ಪಾರ್ಕ್ ಪ್ಲಗ್ ಯಾವಾಗಲೂ ಕಪ್ಪಗೆ ಒದ್ದೆ (ಪೆಟ್ರೋಲ್ ಜಾಸ್ತಿ ಹೋಗ್ತಿರೋ ಗುರುತು), ಬಲಗಡೆಯದು ಸರಿಯಾದ ಕಂದು ಬಣ್ಣ. ಪೆಟ್ರೋಲ್ ಅಳೆದು ಬಿಡೋ ಜೆಟ್, ಗಾಳಿ ಹೊಂದಿಸೋ ಏರ್ ಸ್ಕ್ರೂ ಎಲ್ಲಾ ಎರಡೂ ಕಡೆ ಒಂದೇ. ಹಾಗಾಗಿ ಫ್ಲೋಟ್ ಲೆವೆಲ್ ಕಡೆ ಬಂದೆ: ಕಾರ್ಬೊರೇಟರ್ ಕೆಳಗಿನ ಬಟ್ಟಲಲ್ಲಿ (ಬೌಲ್) ತೇಲೋ ಫ್ಲೋಟ್, ಪೆಟ್ರೋಲ್ ಒಂದು ಮಟ್ಟಕ್ಕೆ ಬಂದಾಗ ನೀಡಲ್ ಅನ್ನೋ ಸೂಜಿಯನ್ನು ಒತ್ತಿ ಪೆಟ್ರೋಲ್ ಬರೋದನ್ನು ನಿಲ್ಲಿಸುತ್ತದೆ, ಆ ಮಟ್ಟವೇ ಇದು. ಅದನ್ನು ಮೂರು ರೀತಿಯಲ್ಲೂ ಅಳೆದು ನೋಡಿದೆ.

ಮೊದಲು ಕಣ್ಣಳತೆ. ಬೌಲ್ ಬಿಚ್ಚಿ, ಕಾರ್ಬೊರೇಟರ್ ತಲೆಕೆಳಗೆ ಹಿಡಿದು, ಫ್ಲೋಟ್ ನೆಟ್ಟಗಿದೆಯಾ ಅಂತ ನೋಡೋದು. ಹಳೇ ಮೇಸ್ತ್ರಿಗಳು ಇದನ್ನೇ ಮಾಡ್ತಾರೆ, ಬೇಗನೂ ಆಗುತ್ತದೆ. ದಾರಿಯಲ್ಲಿ ಪೆಟ್ರೋಲ್ ಓವರ್‌ಫ್ಲೋ ಆಗ್ತಿದ್ದರೆ ಮನೆ ಸೇರುವಷ್ಟಕ್ಕೆ ಸಾಕು. ಒಂದು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಸಿಗಲ್ಲ, ಈ ಗಾಡಿಗೆ ಆ ಒಂದು ಮಿ.ಮೀ. ಮುಖ್ಯ.

ವರ್ನಿಯರ್ (ಮಿ.ಮೀ.ಗಿಂತ ಸಣ್ಣದನ್ನೂ ಅಳೆಯೋ ಉಪಕರಣ) ಚೆನ್ನಾಗಿದೆ. ಗ್ಯಾಸ್ಕೆಟ್ ಕೂರುವ ಜಾಗದಿಂದ ಫ್ಲೋಟಿನ ತುದಿವರೆಗೆ ಅಳೆದು ಮ್ಯಾನುಯಲ್ ಅಳತೆಗೆ ತರಬೇಕು. ಫ್ಲೋಟಿನ ಪತ್ತಿ (ನೀಡಲ್ ಒತ್ತೋ ಸಣ್ಣ ತಗಡು) ನೀಡಲ್‌ಗೆ ತಾಗಿರಬೇಕು ಅಷ್ಟೇ, ಒತ್ತಿರಬಾರದು. ಅದಕ್ಕೆ ಕಾರ್ಬೊರೇಟರನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ. ತುಂಬಾ ಜನ ಗೊಂದಲ ಮಾಡಿಕೊಳ್ಳೋದು ಇಲ್ಲೇ: ಈ ಅಳತೆ ಜಾಸ್ತಿಯಾದರೆ ಬೌಲ್‌ನಲ್ಲಿ ಪೆಟ್ರೋಲ್ ಕಮ್ಮಿಯಾಗುತ್ತದೆ, ಯಾಕಂದ್ರೆ ಫ್ಲೋಟ್ ಬೇಗನೇ ನೀಡಲ್ ಮುಚ್ಚಿಬಿಡುತ್ತದೆ. ಪತ್ತಿಯನ್ನು ಕೂದಲೆಳೆಯಷ್ಟು ಬಗ್ಗಿಸಿದರೂ ಫ್ಲೋಟಿನ ತುದಿಯಲ್ಲಿ ಅದು ಹಲವು ಪಟ್ಟು ಕಾಣುತ್ತದೆ, ಆದ್ದರಿಂದ ಇಕ್ಕಳ ಬೇಡ, ಸಣ್ಣ ಸ್ಕ್ರೂಡ್ರೈವರ್ ತುದಿಯೇ ಸಾಕು.

ವರ್ನಿಯರ್‌ನಲ್ಲಿ ನನ್ನ ಎರಡೂ ಕಾರ್ಬೊರೇಟರ್ ಒಂದೇ ಅಳತೆ ತೋರಿಸಿದವು. ಪ್ಲಗ್ ಮಾತ್ರ ಹಾಗೇ ಕಪ್ಪು.

ಆಮೇಲೆ ಪೈಪ್. ಬೌಲ್ ತಳದ ಡ್ರೈನ್ ಪ್ಲಗ್ (ಪೆಟ್ರೋಲ್ ಖಾಲಿ ಮಾಡೋ ತಿರುಪು) ಹಳೇದೊಂದಕ್ಕೆ ತೂತು ಕೊರೆಸಿ, ಹಿತ್ತಾಳೆ ನಿಪ್ಪಲ್ ಬೆಸುಗೆ ಹಾಕಿಸಿ, ಪಾರದರ್ಶಕ ಪೈಪ್ ಸಿಕ್ಕಿಸಿ ಬೌಲ್ ಪಕ್ಕಕ್ಕೆ ಮೇಲಕ್ಕೆತ್ತಿ ಕಟ್ಟಿದೆ. ಬೌಲ್ ಒಳಗೆ ಪೆಟ್ರೋಲ್ ಎಷ್ಟು ಎತ್ತರಕ್ಕಿದೆಯೋ ಪೈಪಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಎಡಗಡೆ ಎರಡು ಮಿ.ಮೀ. ಮೇಲಿತ್ತು! ಅಲ್ಲಿನ ಫ್ಲೋಟ್ ಒಳಗೆ ಪೆಟ್ರೋಲ್ ಇಳಿದು ಭಾರವಾಗಿ, ಜಾಸ್ತಿ ಮುಳುಗಿ ತೇಲುತ್ತಿತ್ತು. ಭಾರವಾದ ಫ್ಲೋಟ್ ವರ್ನಿಯರ್‌ಗೆ ಹೇಗೆ ಗೊತ್ತಾಗಬೇಕು ಹೇಳಿ? ಅದು ಫ್ಲೋಟ್ ಎಲ್ಲಿದೆ ಅಂತಷ್ಟೇ ಹೇಳುತ್ತದೆ, ಪೆಟ್ರೋಲ್ ಎಲ್ಲಿದೆ ಅಂತ ಹೇಳೋದು ಪೈಪ್. ಹೊಸ ಫ್ಲೋಟ್ ಹಾಕಿದ ಮೇಲೆ ಎರಡೂ ಕಡೆ ಸಮ ಬಂತು.

ಪೈಪ್ ವಿಷಯದಲ್ಲಿ ಎರಡು ಎಚ್ಚರಿಕೆ. ಮೆಡಿಕಲ್ ಶಾಪಿನ ಡ್ರಿಪ್ ಪೈಪಿನಂಥ ಸಣ್ಣದು ಬೇಡ: ಮೂರು ಮಿ.ಮೀ. ಒಳವ್ಯಾಸದ ಪೈಪಲ್ಲಿ ಪೆಟ್ರೋಲ್ ತಾನಾಗಿಯೇ ಮೂರು ನಾಲ್ಕು ಮಿ.ಮೀ. ಮೇಲೇರಿ ನಿಲ್ಲುತ್ತದೆ. ಆರು ಮಿ.ಮೀ.ಗಿಂತ ಕಮ್ಮಿ ಬೇಡ, ಎರಡೂ ಕಡೆಗೆ ಒಂದೇ ಪೈಪ್ ಬಳಸಿ. ಇನ್ನೊಂದು, ಪೈಪನ್ನು ಮೊದಲೇ ಜಾಗದಲ್ಲಿ ಕಟ್ಟಿ ಆಮೇಲೆ ಪೆಟ್ರೋಲ್ ಬಿಡಿ. ಕೆಳಗಿದ್ದ ಪೈಪನ್ನು ಆಮೇಲೆ ಮೇಲೆತ್ತಿದರೆ ಅದರಲ್ಲಿರುವ ಪೆಟ್ರೋಲ್ ವಾಪಸ್ ಬೌಲ್‌ಗೆ ನುಗ್ಗಿ ಲೆವೆಲ್ ಸುಳ್ಳು ಹೇಳುತ್ತದೆ. ಸೆಂಟರ್ ಸ್ಟ್ಯಾಂಡ್, ಸಮ ನೆಲ, ಆಫ್ ಆಗಿರುವ ಎಂಜಿನ್, ಹತ್ತಿರ ಬೆಂಕಿ ಇಲ್ಲ, ಇದನ್ನು ಬೇರೆ ಹೇಳಬೇಕಾಗಿಲ್ಲ ಅಲ್ವಾ.

ನನ್ನ ಆಯ್ಕೆ ಪೈಪ್. ವರ್ನಿಯರ್ ಬಿಸಾಡಬೇಡಿ, ಮೊದಲು ಅದರಿಂದ ಅಂದಾಜಿಗೆ ತಂದು, ಪೈಪಲ್ಲಿ ಮುಗಿಸಿದರೆ ಬೌಲ್ ಬಿಚ್ಚೋ ಕೆಲಸ ಕಮ್ಮಿ. ಒಂದೇ ಸಿಲಿಂಡರ್‌ನ ಗಾಡಿಗೆ, ಫ್ಲೋಟ್ ಹೊಸದಿದ್ದರೆ, ವರ್ನಿಯರ್ ಒಂದೇ ಸಾಕಾಗಬಹುದು. ಟೂ ಸ್ಟ್ರೋಕ್ ಟ್ವಿನ್‌ನಲ್ಲಿ ಒಂದು ಕಡೆ ಲೆವೆಲ್ ಕಮ್ಮಿಯಾದರೆ ಆ ಕಡೆ ಪಿಸ್ಟನ್ ಬಿಸಿಯಾಗಿ ಸೀಜ್ ಆಗೋ (ಸಿಲಿಂಡರ್‌ಗೆ ಕಚ್ಚಿಕೊಂಡು ನಿಲ್ಲೋ) ಅಪಾಯ ಇದೆ, ಅಲ್ಲಿ ಊಹೆ ಬೇಡ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಹಾಕಿದರೆ ಮಿಶ್ರಣ ಇನ್ನೂ ಲೀನ್ ಆಗುತ್ತದೆ, ಅಂದ್ರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿ. ಅದಕ್ಕೆ ಫ್ಲೋಟ್ ಎತ್ತರ ಮುಟ್ಟಬೇಡಿ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿ.