ಚಕ್ರ ಹಿಡಿಯುವ ಸ್ಟ್ಯಾಂಡಾ, ಫ್ರೇಮ್ ಹಿಡಿಯುವ ಸ್ಟ್ಯಾಂಡಾ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿಸುವ ಮಾತು ಬಂದಾಗ ಅಸೋಸಿಯೇಷನ್‌ನವರು ಮೂರು ಕೊಟೇಷನ್ ತರಿಸಿದರು. ಮೂರರಲ್ಲೂ ಬೆಲೆ ಇತ್ತು, ಬಣ್ಣ ಇತ್ತು, ಎಷ್ಟು ಸೈಕಲ್ ಹಿಡಿಯುತ್ತದೆ ಅನ್ನುವ ಲೆಕ್ಕವೂ ಇತ್ತು. ಬೀಗ ಎಲ್ಲಿಗೆ ಹಾಕಬೇಕು ಅನ್ನುವುದು ಮಾತ್ರ ಒಂದರಲ್ಲೂ ಇರಲಿಲ್ಲ. ಅದನ್ನು ಕೇಳಿದ್ದಕ್ಕೆ, 'ಹಾಗಾದ್ರೆ ನೀವೇ ನೋಡಿ ಹೇಳಿ' ಅಂತ ಕೆಲಸ ನನ್ನ ತಲೆಗೆ ಕಟ್ಟಿದರು. ಒಳ್ಳೆಯದೇ ಆಯಿತು. ಬೆಂಗಳೂರಿನಲ್ಲಿ ದಿನಾ ಸೈಕಲ್ ಓಡಿಸುವವನಿಗೆ ರಸ್ತೆಯಷ್ಟೇ ದೊಡ್ಡ ತಲೆನೋವು ಸೈಕಲ್ ನಿಲ್ಲಿಸುವ ಜಾಗ.

ಪರೀಕ್ಷೆಗೆ ಮನೆಯ ಸೈಕಲ್‌ಗಳೇ ಇದ್ದವು. ನನ್ನದು ಡಿಸ್ಕ್ ಬ್ರೇಕಿನ ಗೇರ್ ಸೈಕಲ್. ಅದಕ್ಕೆ ಸ್ಟ್ಯಾಂಡ್ ಇಲ್ಲ, ಲಿವರ್ ಎತ್ತಿದರೆ ಮುಂದಿನ ಚಕ್ರ ಕೈಗೆ ಬರುತ್ತದೆ. ಹೆಂಡತಿಯದು ಬುಟ್ಟಿ ಇರುವ ಲೇಡೀಸ್ ಸೈಕಲ್. ಮಗಳದು 20 ಇಂಚಿನ ಚಕ್ರದ್ದು. ಇನ್ನೊಂದು ಮಾವನವರ ಹಳೇ ಕರಿ ಸೈಕಲ್: ದಪ್ಪ ಕ್ಯಾರಿಯರ್, ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ಕೀಲಿ ತಿರುಗಿಸಿದರೆ ಕಡ್ಡಿಗಳ ನಡುವೆ ಸರಳು ಹಾಯುವ ಬೀಗ. ಈ ನಾಲ್ಕೂ ಒಂದೇ ಸ್ಟ್ಯಾಂಡಿಗೆ ಒಗ್ಗಿದರೆ ಯಾರ ಸೈಕಲ್ ಬೇಕಾದರೂ ಅಲ್ಲಿ ನಿಲ್ಲುತ್ತದೆ ಅನ್ನುವುದು ನನ್ನ ಲೆಕ್ಕ.

ಮೊದಲು ಎಲ್ಲ ಕಡೆ ಕಾಣುವ ಸ್ಟ್ಯಾಂಡ್ ನೋಡೋಣ. ನೆಲದ ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ಸಂದು ಸಂದಾಗಿ ಸರಳುಗಳು. ಮುಂದಿನ ಚಕ್ರವನ್ನು ಒಂದು ಸಂದಿಗೆ ತುರುಕಿ ಹೋಗಬೇಕು. ಆಫೀಸು, ಮಾಲು, ಪಾರ್ಕು, ಎಲ್ಲೆಲ್ಲೂ ಇದೇ. ನಮಗೆ ಬಂದ ಮೂರು ಕೊಟೇಷನ್‌ಗಳಲ್ಲಿ ಎರಡು ಇದರದ್ದೇ. ಕಾರಣ ಸುಲಭ: ಅಗ್ಗ, ಹಗುರ, ಕಾಗದದ ಮೇಲೆ ಜಾಸ್ತಿ ಸೈಕಲ್ ತೋರಿಸುತ್ತದೆ.

ಕಾಗದ ಬಿಟ್ಟು ನೆಲಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ. ಸಂದಿನಿಂದ ಸಂದಿಗೆ ಒಂದಡಿ ಇಟ್ಟಿರುತ್ತಾರೆ. ಸೈಕಲ್ ಹ್ಯಾಂಡಲ್ಲಿನ ಅಗಲವೇ ಎರಡಡಿ. ಹಾಗಾಗಿ ಒಂದು ಸಂದು ಬಿಟ್ಟು ಒಂದರಲ್ಲಿ ಮಾತ್ರ ಸೈಕಲ್ ನಿಲ್ಲುತ್ತದೆ, ಹತ್ತು ಸೈಕಲ್ಲಿನ ಸ್ಟ್ಯಾಂಡಿನಲ್ಲಿ ಐದಾರು ನಿಂತರೆ ಹೆಚ್ಚು. ಅದಕ್ಕಿಂತ ಕೆಟ್ಟದ್ದು ಅದು ಸೈಕಲ್ಲನ್ನು ಹಿಡಿಯುವ ರೀತಿ. ಇಡೀ ಸೈಕಲ್ಲಿನ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಪಕ್ಕದವರು ತಮ್ಮ ಸೈಕಲ್ ಎಳೆಯುವಾಗ ನಮ್ಮದಕ್ಕೆ ತಗುಲಿತು ಅನ್ನಿ, ಸೈಕಲ್ ವಾಲುತ್ತದೆ, ಚಕ್ರ ಮಾತ್ರ ಸಂದಿಯಲ್ಲೇ ಸಿಕ್ಕಿಕೊಂಡಿರುತ್ತದೆ. ರಿಮ್ ಸೊಟ್ಟಗಾಗಲು ಅಷ್ಟು ಸಾಕು. ನನ್ನ ಸೈಕಲ್ಲಿನ ಚಕ್ರಕ್ಕೆ ಕೂರಿಸಿದ ಬ್ರೇಕ್ ಡಿಸ್ಕ್ ಸುಮಾರು 2 ಮಿಲಿಮೀಟರ್ ದಪ್ಪದ ತಗಡು, ಅದೂ ಬಾಗುತ್ತದೆ. ಒಂದು ಸಂಜೆ ಆಫೀಸಿನ ಸ್ಟ್ಯಾಂಡಿನಿಂದ ಹೊರಗೆಳೆದು ಹೊರಟರೆ ಸುತ್ತಿಗೊಮ್ಮೆ ಕಿರ್ರ್, ಕಿರ್ರ್ ಅಂತ ಉಜ್ಜಲು ಶುರುವಾಯಿತು. ಮನೆ ತನಕ ಅದೇ ಸಂಗೀತ.

ಇನ್ನು ಬೀಗ. ಸಾಮಾನ್ಯ ಯು-ಲಾಕ್, ಅಂದರೆ ಯು ಆಕಾರದ ಗಟ್ಟಿ ಸರಳಿನ ಬೀಗ, ಆ ಸ್ಟ್ಯಾಂಡಿನಿಂದ ಫ್ರೇಮಿನ ತನಕ ಎಟುಕುವುದಿಲ್ಲ. ಮುಂದಿನ ಚಕ್ರಕ್ಕೆ ಮಾತ್ರ ಹಾಕಬಹುದು. ನನ್ನಂಥ ಸೈಕಲ್ಲಿಗೆ ಹಾಗೆ ಹಾಕಿದರೆ ಕಳ್ಳ ಲಿವರ್ ಎತ್ತಿ, ಚಕ್ರ ನಮಗೆ ಬಿಟ್ಟು, ಉಳಿದದ್ದನ್ನು ತಗೊಂಡು ಹೋಗುತ್ತಾನೆ. ಒಂದು ಮಾಲಿನಲ್ಲಂತೂ ಸ್ಟ್ಯಾಂಡ್ ನೆಲಕ್ಕೇ ಹೂತಿರಲಿಲ್ಲ. ಯಾವುದೋ ಲಾರಿಗೆ ದಾರಿ ಬೇಕಾಗಿ ಇಬ್ಬರು ಸೆಕ್ಯೂರಿಟಿಯವರು ಸ್ಟ್ಯಾಂಡನ್ನು ಸೈಕಲ್ ಸಮೇತ ಎತ್ತಿ ಪಕ್ಕಕ್ಕಿಟ್ಟರು. ಅವರಿಬ್ಬರಿಗೆ ಆಗುವ ಕೆಲಸ ಕಳ್ಳರಿಬ್ಬರಿಗೆ ಆಗುವುದಿಲ್ಲವಾ?

ಈ ಸ್ಟ್ಯಾಂಡಿನಲ್ಲಿ ತೊಂದರೆ ಇಲ್ಲದೆ ನಿಂತದ್ದು ಮಾವನವರ ಕರಿ ಸೈಕಲ್ ಒಂದೇ. ಅದು ತನ್ನ ಸ್ಟ್ಯಾಂಡಿನ ಮೇಲೆ ತಾನೇ ನಿಲ್ಲುತ್ತದೆ, ಇದರ ಹಂಗೇ ಇಲ್ಲ.

ಎರಡನೆಯದು ತಲೆಕೆಳಗಾದ ಯು ಆಕಾರದ ಪೈಪು. ಇಂಗ್ಲೆಂಡಿನಲ್ಲಿ ಇದಕ್ಕೆ ಶೆಫೀಲ್ಡ್ ಸ್ಟ್ಯಾಂಡ್ ಅನ್ನುತ್ತಾರೆ. ನೋಡಲು ಏನೂ ಇಲ್ಲ, ಬಗ್ಗಿಸಿದ ಒಂದು ಪೈಪು ಅಷ್ಟೇ. ಕೊಟೇಷನ್ ತಂದವರಿಗೂ ಇದನ್ನು ಮಾರುವ ಉತ್ಸಾಹ ಇರಲಿಲ್ಲ. ಆದರೆ ನಾಲ್ಕೂ ಸೈಕಲ್ಲಿಗೆ ಒಗ್ಗಿದ್ದು ಇದೊಂದೇ.

ಸೈಕಲ್ಲನ್ನು ಪೈಪಿಗೆ ಉದ್ದಕ್ಕೆ ಒರಗಿಸಬೇಕು. ಫ್ರೇಮ್ ಎರಡು ಕಡೆ ತಗುಲಿ ನಿಲ್ಲುತ್ತದೆ, ಹಾಗಾಗಿ ಮುಂದಿನ ಚಕ್ರ ಎತ್ತ ತಿರುಗಿದರೂ ಬೀಳುವುದಿಲ್ಲ. ಸ್ಟ್ಯಾಂಡ್ ಇಲ್ಲದ ನನ್ನ ಸೈಕಲ್ಲಿಗೆ ಇದೇ ಸ್ಟ್ಯಾಂಡ್. ಬುಟ್ಟಿ ತುಂಬ ತರಕಾರಿ ಇದ್ದರೂ ಹೆಂಡತಿಯ ಸೈಕಲ್ ಅಲ್ಲಾಡಲಿಲ್ಲ. ಪೈಪಿನ ಎರಡೂ ಮಗ್ಗುಲಿಗೆ ಒಂದೊಂದು, ಅಂದರೆ ಒಂದು ಪೈಪಿಗೆ ಎರಡು ಸೈಕಲ್. ಯು-ಲಾಕನ್ನು ಹಿಂದಿನ ಚಕ್ರ, ಫ್ರೇಮ್, ಪೈಪು ಮೂರನ್ನೂ ಸೇರಿಸಿ ಹಾಕಬಹುದು. ಮುಂದಿನ ಚಕ್ರಕ್ಕೆ ಒಂದು ಕೇಬಲ್ ಸುತ್ತಿ ಅದೇ ಲಾಕಿಗೆ ಸಿಕ್ಕಿಸಿದರೆ ಆಯಿತು. ಮಗಳ ಸೈಕಲ್ ಮಾತ್ರ ಗಿಡ್ಡ, ಅದರ ಫ್ರೇಮ್ ಮೇಲಿನ ಪೈಪಿಗಿಂತ ಕೆಳಗೇ ಉಳಿಯಿತು. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಅಡ್ಡಕ್ಕೆ ಇನ್ನೊಂದು ಪೈಪು ಬೆಸೆದರೆ ಅದಕ್ಕೂ ಪರಿಹಾರ ಸಿಗುತ್ತದೆ. ಲೇಡೀಸ್ ಸೈಕಲ್ಲಿಗೆ ಬೀಗ ಹಾಕಲೂ ಆ ಅಡ್ಡ ಪೈಪೇ ಅನುಕೂಲ.

ಇದರ ದೋಷ ಸ್ಟ್ಯಾಂಡಿನದಲ್ಲ, ಹಾಕಿಸುವವರದು. ನಾನು ನೋಡಿದ ಕಡೆಯಲ್ಲೆಲ್ಲ ಗೋಡೆಗೆ ಅಂಟಿಸಿ ನಿಲ್ಲಿಸಿದ್ದಾರೆ, ಇಲ್ಲವೇ ಪೈಪಿಗೂ ಪೈಪಿಗೂ ಎರಡಡಿ ಬಿಟ್ಟಿದ್ದಾರೆ. ಆಗ ಎರಡು ಸೈಕಲ್ಲಿನ ಜಾಗದಲ್ಲಿ ಒಂದೇ ನಿಲ್ಲುತ್ತದೆ. ಪೈಪುಗಳ ನಡುವೆ ಒಂದು ಮೀಟರ್ ಬೇಕೇ ಬೇಕು. ಸೈಕಲ್ ಉದ್ದ ಸುಮಾರು 1.8 ಮೀಟರ್, ಅದನ್ನು ಹಿಂದಕ್ಕೆ ಎಳೆದು ತಿರುಗಿಸಲು ಇನ್ನಷ್ಟು ಜಾಗ ಬೇಕು. ಇಷ್ಟು ಬಿಟ್ಟರೂ 5 ಮೀಟರ್ ಉದ್ದ, 2.5 ಮೀಟರ್ ಅಗಲದ ಒಂದು ಕಾರಿನ ಜಾಗದಲ್ಲಿ ಐದು ಪೈಪು, ಹತ್ತು ಸೈಕಲ್ ಹಿಡಿಸುತ್ತದೆ. ಮೀಟಿಂಗಿನಲ್ಲಿ ನಾನು ಹೇಳಿದ ಮಾತುಗಳಲ್ಲಿ ಜನ ಕಿವಿಗೊಟ್ಟು ಕೇಳಿದ್ದು ಇದೊಂದನ್ನೇ.

ಮೂರನೆಯದು ಗೋಡೆಯ ಕೊಕ್ಕೆ. ಮುಂದಿನ ಚಕ್ರವನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ನೆಟ್ಟಗೆ ನೇತುಹಾಕುವುದು. ಬಾಲ್ಕನಿಯಲ್ಲಿ ನಾನೇ ಒಂದು ಹಾಕಿಸಿದ್ದೇನೆ, ಮನೆಯೊಳಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಜಾಗ ಉಳಿಯುತ್ತದೆ. ಆದರೆ ಮಾವನವರ ಸೈಕಲ್ 20 ಕೆ.ಜಿ. ಹತ್ತಿರ ಇದೆ. ಅದನ್ನು ಎತ್ತಿ ನೇತುಹಾಕಿ ಅಂತ ಎಪ್ಪತ್ತರ ಮನುಷ್ಯನಿಗೆ ಹೇಳುವುದು ಹೇಗೆ? ಮಗಳಿಗೂ ಎಟುಕುವುದಿಲ್ಲ. ಹತ್ತಾರು ಮನೆಯವರು ಬಳಸುವ ಜಾಗಕ್ಕೆ ಇದು ಬೇಡ. ಮನೆಯಲ್ಲಿ ಹಾಕಿಸುವವರು ಗೋಡೆ ಯಾವುದು ಅಂತ ನೋಡಿಕೊಳ್ಳಿ. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಟೊಳ್ಳು ಬ್ಲಾಕಿನ ಗೋಡೆಗಳೇ ಜಾಸ್ತಿ, ಸಾಮಾನ್ಯ ಬೋಲ್ಟು ಅದರಲ್ಲಿ ಕಚ್ಚಿ ಕೂರುವುದಿಲ್ಲ. ಕಾಂಕ್ರೀಟ್ ಕಂಬ ಹುಡುಕಿ ಅದಕ್ಕೇ ಹೊಡೆಸಿ.

ನಾಲ್ಕನೆಯದು ಕೊಟೇಷನ್‌ನಲ್ಲಿ ಬರುವಂಥದ್ದಲ್ಲ: ಚೀಟಿ ಕೊಡುವ ಸೈಕಲ್ ಸ್ಟ್ಯಾಂಡ್. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್, ಟಾಕೀಸುಗಳ ಪಕ್ಕ ಒಂದು ಕಾಲದಲ್ಲಿ ಎಲ್ಲ ಊರಲ್ಲೂ ಇತ್ತು, ಈಗಲೂ ಅಲ್ಲಲ್ಲಿ ಇದೆ. ನಮ್ಮ ಊರಿಗೆ ಹೋದಾಗ ಮಾವನವರ ಜೊತೆ ಬಸ್ ಸ್ಟ್ಯಾಂಡ್ ಪಕ್ಕದ ಒಂದರಲ್ಲಿ ಸೈಕಲ್ ಬಿಟ್ಟು ನೋಡಿದೆ. ತಗಡಿನ ಚಾವಣಿ, ಬಾಗಿಲಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಬ್ಬರು. ಅರ್ಧ ಹರಿದ ಚೀಟಿ ಹ್ಯಾಂಡಲ್ಲಿಗೆ, ಇನ್ನರ್ಧ ನಮ್ಮ ಕೈಗೆ. ಪೈಪಿಲ್ಲ, ಕೊಕ್ಕೆಯಿಲ್ಲ, ಸಾಲಾಗಿ ನಿಂತ ಸೈಕಲ್ಲುಗಳು ಮಾತ್ರ.

ಭದ್ರತೆಯಲ್ಲಿ ಇದಕ್ಕೆ ಸರಿಸಾಟಿ ಸಿಗಲಿಲ್ಲ ಅಂತಲೇ ಹೇಳುತ್ತೇನೆ. ಸಂಜೆ ವಾಪಸ್ ಬಂದಾಗ ನಾವು ಚೀಟಿ ತೆಗೆಯುವ ಮೊದಲೇ ಅವರು ಮಾವನವರನ್ನು ನೋಡಿ, 'ಯಜಮಾನ್ರೇ, ನಿಮ್ದು ಆ ಮೂಲೇಲಿ ಇಟ್ಟಿದೀನಿ' ಅಂದರು. ಯಾವ ಕ್ಯಾಮೆರಾ ಹೀಗೆ ಹೇಳುತ್ತದೆ? ಕ್ಯಾಮೆರಾ ಕದ್ದ ಮೇಲೆ ತೋರಿಸುತ್ತದೆ. ಬಾಗಿಲಲ್ಲಿ ಕೂತ ಮನುಷ್ಯ ಕದಿಯುವ ಮೊದಲೇ 'ಯಾರಪ್ಪಾ ನೀನು' ಅಂತ ಕೇಳುತ್ತಾನೆ.

ಆದರೆ ಈ ಪದ್ಧತಿ ನಿಂತಿರುವುದು ಕರಿ ಸೈಕಲ್ಲಿನ ಮೇಲೆ. ಜಾಗ ಹೊಂದಿಸಲು ಅವರು ಕ್ಯಾರಿಯರ್ ಹಿಡಿದು ಹಿಂದಿನ ಭಾಗ ಎತ್ತಿ ಸೈಕಲ್ಲನ್ನು ಸರಿಸುತ್ತಾರೆ. ನನ್ನ ಗೇರ್ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಅದನ್ನು ಬಿಡಲು ಹೋದರೆ, 'ಇದನ್ನ ಎಲ್ಲಿ ನಿಲ್ಸೋದು ಸಾರ್' ಅಂತ ಗೋಡೆಗೆ ಒರಗಿಸಿದರು. ಬೇರೆ ಸೈಕಲ್ಲುಗಳ ಪೆಡಲ್ ಅದರ ಕಡ್ಡಿಗಳೊಳಗೆ ನುಗ್ಗಿತು. ಕಂಬಕ್ಕೆ ಕಟ್ಟಿ ಬೀಗ ಹಾಕುತ್ತೇನೆ ಅಂದರೆ ಒಪ್ಪಲಿಲ್ಲ. ಅವರ ಮಾತೂ ಸರಿಯೇ, ಒಂದು ಸೈಕಲ್ ಅಲ್ಲಾಡದೆ ನಿಂತರೆ ಅವರ ಇಡೀ ಸಾಲು ಕೆಡುತ್ತದೆ. ಜೊತೆಗೆ ದುಡ್ಡಿನ ಲೆಕ್ಕವೂ ಇದೆ. ಸ್ಕೂಟರಿಗೆ ಸೈಕಲ್ಲಿಗಿಂತ ಜಾಸ್ತಿ ಬಾಡಿಗೆ ಸಿಗುತ್ತದೆ, ಹಾಗಾಗಿ ವರ್ಷ ವರ್ಷ ಸೈಕಲ್ಲಿನ ಸಾಲು ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ರಾತ್ರಿ ಬೀಗ ಹಾಕಿಕೊಂಡು ಹೋದರೆ ಕೊನೇ ಬಸ್ಸಿನಲ್ಲಿ ಬಂದವರು ನಡೆದೇ ಹೋಗಬೇಕು.

ಐದನೆಯದು ನಮ್ಮಲ್ಲಿ ಅಪರೂಪ, ಆದರೂ ಹೇಳಬೇಕು. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಇರುವ ಅಣ್ಣನ ಮಗಳ ಮನೆಗೆ ಹೋದಾಗ ಅಲ್ಲಿನ ರೈಲ್ವೆ ಸ್ಟೇಷನ್ನಿನ ಕೆಳಗಿನ ಸೈಕಲ್ ಪಾರ್ಕಿಂಗ್ ಬಳಸಿದೆ. 2019ರಲ್ಲಿ ಪೂರ್ತಿಯಾಗಿದ್ದು, 12,500 ಸೈಕಲ್ ಹಿಡಿಯುತ್ತದೆ. ಸೈಕಲ್ ಇಳಿಯದೆ ಓಡಿಸಿಕೊಂಡೇ ಒಳಗೆ ಹೋಗಬಹುದು, ಖಾಲಿ ಜಾಗ ಎಲ್ಲಿದೆ ಅಂತ ಫಲಕ ತೋರಿಸುತ್ತದೆ, ಮೊದಲ 24 ಗಂಟೆ ಪುಕ್ಕಟೆ. ಸ್ಟ್ಯಾಂಡುಗಳು ಎರಡು ಅಂತಸ್ತಿನವು. ಮೇಲಿನ ತಟ್ಟೆಯನ್ನು ಹೊರಗೆಳೆದು, ಇಳಿಜಾರು ಮಾಡಿ, ಸೈಕಲ್ ಏರಿಸಿ ಒಳಗೆ ತಳ್ಳಬೇಕು. ಅಲ್ಲಿನವರು ಒಂದೇ ಕೈಯಲ್ಲಿ ಮಾಡುತ್ತಾರೆ, ನಾನು ಎರಡು ಕೈ, ಒಂದು ಮೊಣಕಾಲು ಹಚ್ಚಿದೆ.

ಆದರೆ ಅದು ನಡೆಯುವುದು ಅಲ್ಲಿ ಸಿಬ್ಬಂದಿ ಇರುವುದರಿಂದ, ಕೆಟ್ಟ ತಟ್ಟೆಯನ್ನು ರಿಪೇರಿ ಮಾಡುವುದರಿಂದ, ಬಿಟ್ಟು ಹೋದ ಸೈಕಲ್ಲನ್ನು ತೆಗೆಯುವುದರಿಂದ. ನಮ್ಮ ಬೇಸ್‌ಮೆಂಟಿಗೆ ಇದನ್ನು ತಂದರೆ ಎರಡನೇ ಮಳೆಗಾಲಕ್ಕೆ ಮೇಲಿನ ಅಂತಸ್ತು ತುಕ್ಕು ಹಿಡಿದು ನಿಲ್ಲುತ್ತದೆ. ಮೂರನೇ ಕೊಟೇಷನ್ ಈ ಎರಡು ಅಂತಸ್ತಿನ ಸ್ಟ್ಯಾಂಡಿನದ್ದೇ ಆಗಿತ್ತು, ಬೆಲೆಯೂ ಅಷ್ಟೇ ಎತ್ತರ. ಬೇಡ ಅಂದೆ.

ಇನ್ನೊಂದು ದಾರಿ ಸ್ವಂತ ಸೈಕಲ್ಲೇ ಬೇಡ ಅನ್ನುವುದು. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆಯ ಹಾಗೆ. ಒಂದು ನಿಲ್ದಾಣದಲ್ಲಿ ಸೈಕಲ್ ತಗೊಂಡು ಇನ್ನೊಂದರಲ್ಲಿ ಬಿಡುವುದು, ಬೀಗದ ಚಿಂತೆ ನಮ್ಮದಲ್ಲ. ಊರು ಸುತ್ತಲು ಬಹಳ ಚೆನ್ನಾಗಿದೆ. ಹೋಗುವ ಜಾಗದ ಹತ್ತಿರ ನಿಲ್ದಾಣ ಇಲ್ಲದಿದ್ದರೆ ಮಾತ್ರ ಮತ್ತೆ ಅದೇ ಪ್ರಶ್ನೆ.

ಹಾಗಾದರೆ ಯಾವುದು? ಎಷ್ಟು ಹೊತ್ತು ಬಿಡುತ್ತೀರಿ ಅನ್ನುವುದರ ಮೇಲಿದೆ. ಅಂಗಡಿ, ಬ್ಯಾಂಕು, ಲೈಬ್ರರಿಯಂಥ ಕಡೆ ಬಾಗಿಲೆದುರೇ, ಒಳಗಿನವರಿಗೆ ಕಾಣುವಂತೆ, ಎರಡು ಮೂರು ಯು ಪೈಪು ಸಾಕು. ಕಟ್ಟಡದ ಹಿಂದೆ, ಜನರೇಟರ್ ಪಕ್ಕ ಹಾಕಿದರೆ ಯಾರೂ ಬಳಸುವುದಿಲ್ಲ. ಎಲ್ಲರೂ ಬಾಗಿಲ ಹತ್ತಿರದ ಗ್ರಿಲ್ಲಿಗೇ ಕಟ್ಟುತ್ತಾರೆ, ಸೆಕ್ಯೂರಿಟಿಯವರು ಬೈಯುತ್ತಾರೆ. ಮೆಟ್ರೋ, ರೈಲ್ವೆ ಸ್ಟೇಷನ್‌ನಲ್ಲಿ ಬೆಳಗ್ಗೆ ಬಿಟ್ಟು ಸಂಜೆ ತಗೊಳ್ಳುವವರಿಗೆ ಪೈಪಿನ ಜೊತೆ ಚಾವಣಿ ಬೇಕು, ಚೀಟಿಯವರ ಹಾಗೆ ಒಬ್ಬ ಮನುಷ್ಯನೂ ಬೇಕು. ನನ್ನನ್ನು ಕೇಳಿದರೆ ಕ್ಯಾಮೆರಾದ ದುಡ್ಡನ್ನು ಆತನ ಸಂಬಳಕ್ಕೆ ಹಾಕಬೇಕು.

ರಾತ್ರಿಯಿಡೀ ನಿಲ್ಲುವ ಅಪಾರ್ಟ್‌ಮೆಂಟಿಗೆ ಬೇಸ್‌ಮೆಂಟಿನ ಒಂದು ಮೂಲೆಗೆ ಜಾಲರಿ ಹೊಡೆದು, ಒಳಗೆ ಯು ಪೈಪು ಹಾಕಿಸುವುದು ಸರಿ ಅಂತ ಬರೆದುಕೊಟ್ಟೆ. ತಗಡು ಬೇಡ, ಜಾಲರಿಯೇ ಇರಲಿ. ಒಳಗೆ ಯಾರಿದ್ದಾರೆ ಅನ್ನುವುದು ಹೊರಗೆ ಕಾಣಬೇಕು. ಹೀಗೆ ಜಾಲರಿ ಹೊಡೆದ ಒಂದು ಆಫೀಸನ್ನೂ ನೋಡಿ ಬಂದೆ. ಅಲ್ಲಿ ಎಲ್ಲರ ಕೈಯಲ್ಲೂ ಬಾಗಿಲಿನ ಕಾರ್ಡು ಇರುವುದರಿಂದ ಒಳಗೆ ಯಾರೂ ಬೀಗ ಹಾಕುವುದಿಲ್ಲ. ಒಬ್ಬರ ಹಿಂದೆ ಇನ್ನೊಬ್ಬ ನುಗ್ಗಿದರೆ ಎಲ್ಲ ಸೈಕಲ್ಲೂ ತೆರೆದಿಟ್ಟ ಹಾಗೆ. ಜಾಲರಿ ಇದ್ದರೂ ಪೈಪಿಗೆ ಬೀಗ ಬೇಕೇ ಬೇಕು.

ಕೊನೆಗೆ ಕೊಟೇಷನ್‌ಗಳನ್ನೆಲ್ಲ ಬಿಟ್ಟು ಪಕ್ಕದ ರಸ್ತೆಯ ವೆಲ್ಡಿಂಗ್ ಅಂಗಡಿಯವರಿಗೇ ಅಳತೆ ಕೊಟ್ಟೆವು. ಎರಡು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ನೆಲದಿಂದ 75 ಸೆಂಟಿಮೀಟರ್ ಎತ್ತರ, ಮುಕ್ಕಾಲು ಮೀಟರ್ ಉದ್ದ, ಅಡ್ಡ ಪೈಪು ಒಂದು. ಹೊರಗಿನ ಜಾಗವಾಗಿದ್ದರೆ ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಿಸಬಹುದಿತ್ತು. ಬೇಸ್‌ಮೆಂಟಿನ ನೆಲ ಅಗೆಯುವ ಹಾಗಿಲ್ಲ, ಹಾಗಾಗಿ ಪ್ಲೇಟು, ಬೋಲ್ಟು. ಬೋಲ್ಟು ಅಂದ ಮೇಲೆ ಸ್ಪ್ಯಾನರ್ ಇದ್ದವನಿಗೆಲ್ಲ ಸ್ಟ್ಯಾಂಡೇ ಬಿಚ್ಚಿ ಬರುತ್ತದೆ. ಅದಕ್ಕೆ ನಟ್ಟುಗಳ ಮೇಲೆ ಒಂದೊಂದು ಚುಕ್ಕೆ ವೆಲ್ಡಿಂಗ್ ಇಡಿಸಿದ್ದೇವೆ. ಜಾಲರಿಯ ಬಾಗಿಲ ಕೀಲಿ ಯಾರ ಹತ್ತಿರ ಇರಬೇಕು ಅನ್ನುವ ಜಗಳ ಅಸೋಸಿಯೇಷನ್ ಗ್ರೂಪಿನಲ್ಲಿ ಇನ್ನೂ ನಡೆಯುತ್ತಿದೆ.