ಮೂರು ಮಳೆಗಾಲ ಕಂಡ ಡಿಸ್ಕ್ ಬ್ರೇಕ್ ಸೈಕಲ್: ತೀರ್ಥಹಳ್ಳಿಯಿಂದ ಒಂದು ವರದಿ

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನನ್ನ ಹಳೆಯ ಸೈಕಲ್ ಹಿಡಿತಕ್ಕೆ ಸಿಗದೆ ಹೋದದ್ದು ಮೇಲಿನಿಂದ ಐದನೆಯದರಲ್ಲಿ. ಜುಲೈ ತಿಂಗಳು, ಎಡೆಬಿಡದ ಮಳೆ. ಬೆರಳು ನೋಯುವಷ್ಟು ಲಿವರ್ ಹಿಂಡಿದರೂ ಚಕ್ರ ಉರುಳುತ್ತಲೇ ಇತ್ತು. ರಿಮ್ ಬ್ರೇಕ್‌ನ ರಬ್ಬರು ಮೊದಲು ರಿಮ್ಮಿನ ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಸೈಕಲ್ ಎಷ್ಟೋ ಮೀಟರ್ ಮುಂದೆ ಹೋಗಿರುತ್ತದೆ. ಎದುರಿನಿಂದ ಬಸ್ಸು ಬಾರದ ಕಾರಣ ಉಳಿದುಕೊಂಡೆ. ಮನೆಗೆ ಬಂದು ನೋಡಿದರೆ ರಿಮ್ ತುಂಬ ಕಪ್ಪು ರಾಡಿ, ಸವೆದ ರಬ್ಬರು ಮತ್ತು ಅಲ್ಯೂಮಿನಿಯಂ ಪುಡಿ ಸೇರಿದ್ದು. ರಿಮ್ಮಿನ ಬದಿಯನ್ನು ಸವರಿದಾಗ ಅದು ಒಳಕ್ಕೆ ತಗ್ಗಾಗಿರುವುದು ಬೆರಳಿಗೇ ತಿಳಿಯಿತು.

ಆ ವರ್ಷವೇ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ಲೋಹದ ತಟ್ಟೆಯನ್ನು ಎಣ್ಣೆಯ ಒತ್ತಡದಿಂದ ಹಿಡಿಯುವಂಥದು) ಇರುವ ಅಲ್ಯೂಮಿನಿಯಂ ರೋಡ್ ಸೈಕಲ್ ಕೊಂಡೆ. ಈಗ ಮೂರು ಮಳೆಗಾಲ, 11,000 ಕಿ.ಮೀ. ಆಗಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಂಥ ಫ್ರೇಮ್ ಹಲವು ಕಂಪನಿಗಳಲ್ಲಿ ಸಿಗುತ್ತದೆ.

ಡಿಸ್ಕ್ ಎಂದರೆ ಹೆಚ್ಚು ಜೋರಾಗಿ ನಿಲ್ಲಿಸುತ್ತದೆ ಎಂದಷ್ಟೇ ನಾನೂ ತಿಳಿದಿದ್ದೆ. ಬಳಸಿದ ಮೇಲೆ ನನಗೆ ದೊಡ್ಡದಾಗಿ ಕಂಡ ಲಾಭ ಬೇರೆ. ಬ್ರೇಕ್ ಚಕ್ರದ ನಡುವಿಗೆ ಇಳಿದುದರಿಂದ ಟೈರಿನ ಮೇಲೆ ಜಾಗ ತೆರವಾಯಿತು. ಹಳೆಯ ಫ್ರೇಮ್‌ನಲ್ಲಿ 25 ಮಿ.ಮೀ.ಗಿಂತ ಅಗಲದ ಟೈರು ಕೂರುತ್ತಿರಲಿಲ್ಲ, ಮಡ್‌ಗಾರ್ಡ್‌ಗಂತೂ ದಾರಿಯೇ ಇರಲಿಲ್ಲ. ಈಗ 30 ಮಿ.ಮೀ. ಟೈರು, ಅದರ ಮೇಲೆ ಪೂರ್ಣ ಮಡ್‌ಗಾರ್ಡ್. 100 ಪಿಎಸ್‌ಐ ಗಾಳಿ ತುಂಬಿಸುತ್ತಿದ್ದವಳು 65ಕ್ಕೆ ಇಳಿದಿದ್ದೇನೆ. ಮಲೆನಾಡಿನ ಪಾಚಿಗಟ್ಟಿದ ರಸ್ತೆಯಲ್ಲಿ ಬ್ರೇಕ್ ಎಷ್ಟೇ ಒಳ್ಳೆಯದಿದ್ದರೂ ಕೊನೆಗೆ ನೆಲವನ್ನು ಹಿಡಿಯುವುದು ಟೈರು. ಆದ್ದರಿಂದ ಬ್ರೇಕ್ ಮತ್ತು ಫ್ರೇಮ್ ಎರಡನ್ನೂ ಒಟ್ಟಿಗೇ ಆರಿಸಿ. ರಿಮ್ ಬ್ರೇಕ್‌ನ ಫ್ರೇಮ್‌ಗೆ ಆಮೇಲೆ ಡಿಸ್ಕ್ ಹಾಕಿಸುತ್ತೇನೆ ಎಂದರೆ ಆಗುವುದಿಲ್ಲ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರಲು ಅದರಲ್ಲಿ ಜಾಗವೇ ಇರುವುದಿಲ್ಲ.

ಫ್ರೇಮ್ ವಿಷಯದಲ್ಲಿ ನನ್ನಂತೆ ಕುಳ್ಳಗಿರುವವರು, ಮುಖ್ಯವಾಗಿ ಹೆಂಗಸರು, ಅಂಗಡಿಯವರು ಹೇಳುವ 48, 50 ಎಂಬ ಸೈಜನ್ನು ನಂಬಿ ಕೂರಬೇಡಿ. ನನ್ನ ಎತ್ತರ 5 ಅಡಿ 2 ಅಂಗುಲ. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿಗೆ ಇರುವ ನೇರ ಎತ್ತರ ಸ್ಟ್ಯಾಕ್, ಅಡ್ಡ ದೂರ ರೀಚ್. ಕೇಳಬೇಕಾದ ಅಳತೆಗಳು ಇವೆರಡು. ಹಳೆಯದು ಸ್ಪರ್ಧೆಯ ಫ್ರೇಮ್. ಆಗುಂಬೆ ದಾರಿಯ ಮೇಗರವಳ್ಳಿ ದಾಟುವುದರೊಳಗೆ ಅಂಗೈ ಜೋಮು ಹಿಡಿಯುತ್ತಿತ್ತು, ನಿಧಾನವಾಗಿ ತಿರುಗುವಾಗ ಮುಂದಿನ ಟೈರು ಕಾಲಿನ ತುದಿಗೆ ತಾಗುತ್ತಿತ್ತು. ಹೊಸದು ದೂರದ ಸವಾರಿಗೆಂದೇ ಮಾಡಿದ ಎಂಡ್ಯೂರೆನ್ಸ್ ಫ್ರೇಮ್: ಸ್ಟ್ಯಾಕ್ 3 ಸೆಂ.ಮೀ. ಹೆಚ್ಚು, ರೀಚ್ ಒಂದೂವರೆ ಸೆಂ.ಮೀ. ಕಡಿಮೆ, ಚಕ್ರಗಳ ನಡುವಿನ ಅಂತರವೂ ಹೆಚ್ಚು. ಇಳಿಜಾರಿನಲ್ಲಿ ಅಲುಗಾಡದೆ ಸಾಗುತ್ತದೆ. ತೂಕ ಮಾತ್ರ ಒಂದು ಕಿಲೋಗೂ ಹೆಚ್ಚಾಯಿತು. ಘಾಟಿಯ ಬುಡದ ಸೋಮೇಶ್ವರದಿಂದ ಮೇಲೇರುವಾಗ ಅದು ಕಾಲಿಗೆ ಗೊತ್ತಾಗುತ್ತದೆ.

ಕೇಬಲ್ ಡಿಸ್ಕ್ ಅಗ್ಗ. ಗೆಳತಿಯದನ್ನು ಒಂದು ವಾರ ಓಡಿಸಿ ನೋಡಿ ಬೇಡವೆಂದೆ. ಸಾಮಾನ್ಯವಾಗಿ ಅದರಲ್ಲಿ ಡಿಸ್ಕನ್ನು ಹಿಡಿಯುವ ಎರಡು ಪ್ಯಾಡ್‌ಗಳಲ್ಲಿ ಒಂದೇ ಚಲಿಸುತ್ತದೆ, ಸವೆದಂತೆಲ್ಲ ನಾವೇ ಬಿಗಿ ಮಾಡಬೇಕು, ಕೆಸರು ಕೇಬಲ್‌ನೊಳಕ್ಕೆ ಹೋದರೆ ಲಿವರ್ ಗಟ್ಟಿಯಾಗುತ್ತದೆ. ಹೈಡ್ರಾಲಿಕ್‌ನಲ್ಲಿ ಎರಡೂ ಪ್ಯಾಡ್‌ಗಳು ತಾವಾಗಿ ಹತ್ತಿರ ಬರುತ್ತವೆ, ಒಂದು ಬೆರಳು ಸಾಕು. ಲಿವರ್ ಎಷ್ಟು ದೂರ ಇರಬೇಕೆಂದು ತಿರುಪಿನಿಂದ ಹೊಂದಿಸಬಹುದು. ಸಣ್ಣ ಕೈಗಳಿಗೆ ಇದು ದೊಡ್ಡ ನೆಮ್ಮದಿ. ಈಗ ಕೇಬಲ್ ಕೊಂಡು ಮುಂದೆ ಬದಲಿಸೋಣ ಎಂದುಕೊಳ್ಳಬೇಡಿ, ರೋಡ್ ಸೈಕಲ್‌ನಲ್ಲಿ ಸಾಮಾನ್ಯವಾಗಿ ಬ್ರೇಕ್ ಲಿವರಿಗೇ ಸೇರಿಕೊಂಡಿರುವ ಗೇರ್ ಲಿವರ್‌ಗಳನ್ನೂ ಬದಲಿಸಬೇಕಾಗುತ್ತದೆ.

ತೊಂದರೆಗಳೂ ಇವೆ. ಮಳೆಯ ಘಾಟಿ ಸವಾರಿಯಲ್ಲಿ ರೆಸಿನ್ (ರಾಳದ) ಪ್ಯಾಡ್ 1,800 ಕಿ.ಮೀ.ಗೆ ಮುಗಿಯಿತು, ಲೋಹದ ಪ್ಯಾಡ್ ಹೆಚ್ಚು ಬಾಳಿತು, ಸದ್ದೂ ಹೆಚ್ಚು. ಚೈನಿಗೆ ಸಿಂಪಡಿಸಿದ ಎಣ್ಣೆ ರೋಟರಿಗೆ, ಅಂದರೆ ಬ್ರೇಕಿನ ತಟ್ಟೆಗೆ, ತಾಗಿ ಒಂದು ಜೊತೆ ಪ್ಯಾಡ್ ಪೂರ್ತಿ ಹಾಳಾಯಿತು. ಬಸ್ಸಿನಲ್ಲಿ ಒಯ್ಯುವಾಗ ಚಕ್ರ ಬಿಚ್ಚಿದ್ದರೆ ಪ್ಯಾಡ್‌ಗಳ ನಡುವೆ ರಟ್ಟಿನ ಮಡಿಕೆ ಇಡಿ. ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್‌ಗಳು ಮುಚ್ಚಿಕೊಳ್ಳುತ್ತವೆ, ಚಕ್ರ ಮತ್ತೆ ಒಳಗೆ ಕೂರುವುದಿಲ್ಲ.

ಬ್ರೇಕಿನೊಳಗಿನ ಎಣ್ಣೆ ಬದಲಿಸಲು ಹೋದಾಗ ಮೆಕ್ಯಾನಿಕ್, "ಮೇಡಂ, ಮೋಟಾರ್ ಬೈಕಿನ ಬ್ರೇಕ್ ಆಯಿಲ್ ಇದೆ, ಅದನ್ನೇ ಹಾಕಿಬಿಡಲೇ?" ಎಂದರು. ತಡೆದೆ. ನನ್ನದು ಶಿಮಾನೊ ಬ್ರೇಕ್, ಅದಕ್ಕೆ ಮಿನರಲ್ ಆಯಿಲ್ ಮಾತ್ರ. ಬೈಕಿನ ಡಾಟ್ ಆಯಿಲ್ ಹಾಕಿದ್ದರೆ ಒಳಗಿನ ಸೀಲುಗಳು ಕೆಟ್ಟುಹೋಗುತ್ತಿದ್ದವು. ಬಾಟಲಿಯನ್ನು ನಾನೇ ತರಿಸಿಕೊಟ್ಟೆ. ಅವರು ಪಾಠ ಓದಿದಷ್ಟು ಶ್ರದ್ಧೆಯಿಂದ ಕಲಿತು ಮಾಡಿಕೊಟ್ಟರು. ಈಗ ಆ ಕೆಲಸಕ್ಕೆ ಬೇರೆ ಊರಿಗೆ ಹೋಗಬೇಕಿಲ್ಲ.

ಹಳೆಯ ಸೈಕಲ್‌ಗೆ ಹೊಸ ರಿಮ್ ಹಾಕಿಸಿದೆ. ಮಂಡ್ಯದಲ್ಲಿ ಓದುತ್ತಿರುವ ತಂಗಿಯ ಮಗ ಅದನ್ನು ಒಯ್ದಿದ್ದಾನೆ. ಅಲ್ಲಿನ ಸಮತಟ್ಟು, ಒಣ ರಸ್ತೆಗೆ ಅದೇ ಬ್ರೇಕ್ ಧಾರಾಳವಾಗಿ ಸಾಕು, ಪ್ಯಾಡ್ ಬದಲಿಸಲು ಅವನಿಗೆ ಐದು ನಿಮಿಷವೂ ಬೇಕಾಗುವುದಿಲ್ಲ. ರಜೆಗೆ ಬರುವಾಗ ಮಾತ್ರ ಅದನ್ನು ಅಲ್ಲೇ ಬಿಟ್ಟು ಬಾ ಎಂದಿದ್ದೇನೆ.