ಕ್ರಿಸ್‌ಮಸ್ ಕೌಂಟ್‌ಡೌನ್‌ಗೆ ಶುಗರ್‌ಫ್ರೀ ಚಾಕ್ಲೇಟ್: ನಾವು ತಿಂದು ನೋಡಿದ್ರಲ್ಲಿ ಯಾವ್ದು ಸರಿಹೋಯ್ತು

ಕ್ರಿಸ್‌ಮಸ್‌ಗೆ ದಿನ ಎಣಿಸೋ ಅಡ್ವೆಂಟ್ ಕ್ಯಾಲೆಂಡರ್‌ನಲ್ಲಿ ಡಿಸೆಂಬರ್ 1ರಿಂದ 24ರವರೆಗೂ ದಿನಕ್ಕೊಂದು ಪುಟ್ಟ ಬಾಗಿಲು ತೆಗೆದು ಒಳಗಿರೋ ಚಾಕ್ಲೇಟ್ ತಿನ್ನೋ ಖುಷಿ ಮಕ್ಕಳಿಗೆ ಮಾತ್ರ ಅಂತ ಯಾರು ಹೇಳಿದ್ದು? ನಮ್ಮನೆಯವ್ರಿಗೆ ಟೈಪ್ 2 ಡಯಾಬಿಟೀಸ್ ಇದೆ, ಮಕ್ಕಳು ಬಾಗಿಲು ತೆಗೀವಾಗ ಅವ್ರು ಸುಮ್ನೆ ನೋಡ್ತಾ ಕೂರೋದು ನಂಗೆ ಇಷ್ಟ ಆಗ್ತಿರ್ಲಿಲ್ಲ, ಹಾಗಾಗಿ ಅವ್ರಿಗೂ ಒಂದು ಅಡ್ವೆಂಟ್ ಕ್ಯಾಲೆಂಡರ್ ಇರ್ಲೇಬೇಕು ಅಂತ ಸಿಕ್ಕಿದ ಥರಾವರಿ ಶುಗರ್‌ಫ್ರೀ ಚಾಕ್ಲೇಟ್ ಎಲ್ಲಾ ತಂದು ಇಬ್ರೂ ಕೂತು ತಿಂದು ನೋಡಿದ್ವಿ. ರುಚಿ ಒಂದೇ ಅಲ್ಲ, ತಿಂದ್ಮೇಲೆ ಗ್ಲೂಕೋಮೀಟರ್ ಏನು ಹೇಳತ್ತೆ, ಹೊಟ್ಟೆ ಏನು ಹೇಳತ್ತೆ ಅಂತಾನೂ ನೋಡಿದ್ವಿ.

ಮೊದ್ಲು ಒಂದು ಸಣ್ಣ ಲೆಕ್ಕ. ಮಾಮೂಲಿ ಕ್ಯಾಲೆಂಡರ್‌ನ ಒಂದು ಬಾಗಿಲ ಹಿಂದೆ ಇರೋ ಚಾಕ್ಲೇಟ್ ಬರೀ 3-4 ಗ್ರಾಂ, ಮಿಲ್ಕ್ ಚಾಕ್ಲೇಟ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಸಕ್ಕರೆ, ಅಂದ್ರೆ ಬಾಗಿಲಿಗೆ ಸುಮಾರು 2 ಗ್ರಾಂ ಸಕ್ಕರೆ. ತುಂಬಾ ಜನಕ್ಕೆ ಇದು ದೊಡ್ಡ ವಿಷ್ಯ ಅಲ್ಲ, ಡಾಕ್ಟರ್‌ನ ಕೇಳಿದ್ರೆ ಊಟದ ಜೊತೆ ತಿನ್ನಿ ಪರ್ವಾಗಿಲ್ಲ ಅಂತ ಹೇಳಿದ್ರೂ ಹೇಳ್ಬೋದು. ಆದ್ರೆ ನಮ್ಮನೇಲಿ ಸಿಹಿ ಒಂದಕ್ಕೆ ನಿಲ್ಲಲ್ಲ, ಒಂದು ತಿಂದ್ರೆ ಇನ್ನೊಂದು ಬೇಕು ಅನ್ಸತ್ತೆ, ಅದಕ್ಕೇ ಬೇರೆ ದಾರಿ ಹುಡುಕಿದ್ದು.

ಮೊದ್ಲನೇದು ಸಕ್ಕರೆ ಬದ್ಲು ಮಾಲ್ಟಿಟಾಲ್ ಅನ್ನೋ ಸ್ವೀಟ್ನರ್ ಹಾಕಿರೋ ಮಿಲ್ಕ್ ಚಾಕ್ಲೇಟ್. ಶುಗರ್‌ಫ್ರೀ ಅಂತ ಬರೆದಿರೋ ಮಿಲ್ಕ್ ಚಾಕ್ಲೇಟ್ ಯಾವ್ದಾದ್ರೂ ತಗೊಂಡು ಹಿಂದೆ ತಿರುಗಿಸಿ ನೋಡಿ, ಬಹಳಷ್ಟರಲ್ಲಿ ಇದೇ ಇರತ್ತೆ. ಕಾರಣ ಇದೆ, ಸಕ್ಕರೆಯ ಸುಮಾರು 90 ಪರ್ಸೆಂಟ್ ಸಿಹಿ ಇರತ್ತೆ, ಬಾಯಲ್ಲಿ ಕರಗೋದೂ ಥೇಟ್ ಹಾಗೇನೇ, ಕಹಿ ಇಲ್ಲ, ಮರಳು ಮರಳು ಇಲ್ಲ. ಕಣ್ಣು ಮುಚ್ಚಿ ತಿಂದ್ರೆ ಮಾಮೂಲಿ ಚಾಕ್ಲೇಟ್ ಅಂತಾನೇ ಹೇಳ್ತೀರ. ರುಚಿಗೆ ಮಾತ್ರ ಮಾರ್ಕ್ಸ್ ಕೊಡೋದಾದ್ರೆ ಇದಕ್ಕೇ ಫಸ್ಟ್ ರ‍್ಯಾಂಕ್.

ಆದ್ರೆ ಮಾಲ್ಟಿಟಾಲ್ ರಕ್ತಕ್ಕೆ ಹೋಗೋದೇ ಇಲ್ಲ ಅಂದ್ಕೋಬೇಡಿ. ತಿಂದಿದ್ದು ರಕ್ತದ ಶುಗರ್‌ನ ಎಷ್ಟು ಏರಿಸತ್ತೆ ಅಂತ ಹೇಳೋ ಅಳತೆ ಗ್ಲೈಸೀಮಿಕ್ ಇಂಡೆಕ್ಸ್, ಸಕ್ಕರೇದು 65ರ ಆಸುಪಾಸು, ಮಾಲ್ಟಿಟಾಲ್ ಪುಡೀದು ಸುಮಾರು 35, ಅದರ ಸಿರಪ್‌ದು 50ರ ಹತ್ತಿರಾನೇ ಬರತ್ತೆ. ನಮ್ಮನೆಯವ್ರು ಒಂದು ಚಿಕ್ಕ ಪೀಸ್ ತಿಂದಾಗ ಮೀಟರ್‌ನಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ, ಅರ್ಧ ಬಾರ್ ತಿಂದಾಗ ಚೆನ್ನಾಗೇ ಏರ್ತು. ಹೊಟ್ಟೇದು ಬೇರೆ ಕಥೆ. ಇದು ಪೂರ್ತಿ ಜೀರ್ಣ ಆಗದೆ ದೊಡ್ಡ ಕರುಳಿಗೆ ಹೋಗತ್ತೆ, ಅಲ್ಲಿ ನೀರು ಎಳ್ಕೊಳತ್ತೆ, ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಮಾಡತ್ತೆ. ಯುರೋಪಿಯನ್ ಯೂನಿಯನ್‌ನಲ್ಲಿ ಪಾಲಿಯಾಲ್ ಅಂತ ಕರೆಯೋ ಇಂಥ ಸ್ವೀಟ್ನರ್ 10 ಪರ್ಸೆಂಟ್‌ಗಿಂತ ಜಾಸ್ತಿ ಹಾಕಿದ್ರೆ ಹೆಚ್ಚು ತಿಂದ್ರೆ ಭೇದಿ ಆಗ್ಬೋದು ಅಂತ ಪ್ಯಾಕೆಟ್ ಮೇಲೆ ಬರೀಲೇಬೇಕು ಅನ್ನೋ ನಿಯಮಾನೇ ಇದೆ. ಚಿಕ್ಕ ಮಕ್ಕಳ ಕೈಗೆ ಇಡೀ ಬಾರ್ ಸಿಗದ ಹಾಗೆ ನೋಡ್ಕೊಳ್ಳಿ, ಅವ್ರಿಗೆ ಸ್ವಲ್ಪಕ್ಕೇ ಹೊಟ್ಟೆ ಕೆಡತ್ತೆ.

ಎರಡನೇದು ಸ್ಟೀವಿಯಾ ಗಿಡದ ಎಲೆಯ ಸಾರ ಮತ್ತೆ ಎರಿಥ್ರಿಟಾಲ್ ಅನ್ನೋ ಇನ್ನೊಂದು ಪಾಲಿಯಾಲ್ ಸೇರಿಸಿರೋದು. ಸ್ಟೀವಿಯಾ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ, ಹಾಗಾಗಿ ಚಿಟಿಕೆ ಸಾಕು, ಆದ್ರೆ ಸಕ್ಕರೆ ತೆಗೆದ ಜಾಗ ಖಾಲಿ ಬಿಡೋಕಾಗಲ್ವಲ್ಲ, ಅದನ್ನ ತುಂಬೋಕೆ ಎರಿಥ್ರಿಟಾಲ್, ಇನುಲಿನ್ ನಾರು ಇವೆಲ್ಲ ಹಾಕ್ತಾರೆ. ಎರಿಥ್ರಿಟಾಲ್‌ನಲ್ಲಿ ಗ್ರಾಂಗೆ ಬರೀ 0.2 ಕ್ಯಾಲೊರಿ, ಬಹುಪಾಲು ಸಣ್ಣ ಕರುಳಲ್ಲೇ ಹೀರ್ಕೊಂಡು ಮೂತ್ರದಲ್ಲಿ ಹಾಗೇ ಹೊರಗೆ ಹೋಗತ್ತೆ, ಹಾಗಾಗಿ ಮೀಟರ್ ಅಲ್ಲಾಡ್ಲಿಲ್ಲ, ಹೊಟ್ಟೇನೂ ಕೆಡ್ಲಿಲ್ಲ. ಕಷ್ಟ ಇರೋದು ನಾಲಿಗೇಲಿ. ಕರಗುವಾಗ ಬಾಯೊಳಗೆ ತಣ್ಣಗೆ ಆಗತ್ತೆ, ಸ್ವಲ್ಪ ಮರಳಿನ ಥರ ಸಿಗತ್ತೆ, ನುಂಗಿದ್ಮೇಲೆ ಸ್ಟೀವಿಯಾದ ಜೇಷ್ಠಮಧು ಥರದ ಕಹಿ ಉಳಿಯತ್ತೆ. ಮಿಲ್ಕ್ ಚಾಕ್ಲೇಟ್‌ನಲ್ಲಿ ನಂಗೆ ಸಹಿಸೋಕೇ ಆಗ್ಲಿಲ್ಲ. ಆದ್ರೆ ಇದೇ ಮಿಶ್ರಣ ಮಿಂಟ್ ಹಾಕಿರೋ ಡಾರ್ಕ್ ಚಾಕ್ಲೇಟ್‌ನಲ್ಲಿ ಎಷ್ಟು ಚೆನ್ನಾಗಿತ್ತು ಗೊತ್ತಾ, ಮಿಂಟ್ ಅಂದ್ರೆ ತಣ್ಣಗೇ ಇರ್ಬೇಕಲ್ವಾ, ಆ ತಣ್ಣಗಿನ ಗುಣ ಅಲ್ಲಿ ಬೇಕಾಗಿರೋದೇ. ಸ್ಟೀವಿಯಾ ತಗೊಳ್ಳೋದಾದ್ರೆ ಮಿಂಟ್ ಡಾರ್ಕ್ ಮಾತ್ರ ತಗೊಳ್ಳಿ ಅಂತ ಧೈರ್ಯವಾಗಿ ಹೇಳ್ತೀನಿ.

2023ರಲ್ಲಿ ಒಂದು ಅಧ್ಯಯನ ಬಂತು, ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದೋರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕೂಡ ಜಾಸ್ತಿ ಕಂಡಿತ್ತು. ಎರಿಥ್ರಿಟಾಲ್‌ನಿಂದಾನೇ ಆಯ್ತು ಅಂತ ಅದು ಸಾಬೀತು ಮಾಡಲ್ಲ, ನಮ್ಮ ದೇಹಾನೂ ಸ್ವಲ್ಪ ಎರಿಥ್ರಿಟಾಲ್ ತಯಾರು ಮಾಡ್ಕೊಳತ್ತೆ. ಆದ್ರೂ ಹಾರ್ಟ್ ತೊಂದ್ರೆ ಇರೋರು ಡಾಕ್ಟರ್ ಹತ್ರ ಒಂದ್ಮಾತು ಕೇಳೋದು ಒಳ್ಳೇದು.

ಮೂರನೇದು ಶುಗರ್‌ಫ್ರೀನೇ ಅಲ್ಲ, 90 ಪರ್ಸೆಂಟ್ ಕೋಕೋ ಇರೋ ಡಾರ್ಕ್ ಚಾಕ್ಲೇಟ್. ಇಂಥ ಬಾರ್‌ನಲ್ಲಿ 100 ಗ್ರಾಂಗೆ 7 ಗ್ರಾಂ ಆಸುಪಾಸು ಸಕ್ಕರೆ ಇರತ್ತೆ, ಅಂದ್ರೆ 4 ಗ್ರಾಂ ಪೀಸ್‌ನಲ್ಲಿ 0.3 ಗ್ರಾಂ ಕೂಡ ಇಲ್ಲ. ಬೇರೆ ಸ್ವೀಟ್ನರ್ ಇಲ್ಲ, ಹಿಂದೆ ಉಳಿಯೋ ವಿಚಿತ್ರ ರುಚಿ ಇಲ್ಲ, ಮತ್ತೆ ಇದನ್ನ ಯಾರೂ ಬಾಚಿಕೊಂಡು ತಿನ್ನಲ್ಲ, ಒಂದು ಪೀಸ್‌ಗೆ ಸಾಕು ಅನ್ಸತ್ತೆ. ನಮ್ಮನೆಯವ್ರು ಮೊದ್ಲು ಮುಖ ಹಿಂಡಿದ್ರು, ಒಂದು ಹುರಿದ ಬಾದಾಮಿ ಜೊತೆ ಕೊಟ್ಟೆ, ಆಮೇಲೆ ತಾವೇ ಕೇಳಿ ತಗೊಳ್ಳೋಕೆ ಶುರು ಮಾಡಿದ್ರು. ನನ್ನ ಓಟು ಇದಕ್ಕೇ. ಮಕ್ಕಳು ಮಾತ್ರ ಹತ್ರಕ್ಕೂ ಬರಲ್ಲ.

ನಾಲ್ಕನೇದು ಮನೇಲೇ ಮಾಡೋದು. ಸಕ್ಕರೆ ಇಲ್ಲದ 100 ಪರ್ಸೆಂಟ್ ಚಾಕ್ಲೇಟ್, ಸ್ವಲ್ಪ ಕೋಕೋ ಬಟರ್, ನುಣ್ಣಗೆ ಪುಡಿ ಮಾಡಿದ ಸ್ವೀಟ್ನರ್, ಸಿಲಿಕೋನ್ ಮೋಲ್ಡ್ ಇದ್ರೆ ಆಯ್ತು. ಸ್ವೀಟ್ನರ್ ಕೊಬ್ಬಲ್ಲಿ ಕರಗಲ್ಲ, ಹಾಗಾಗಿ ಎಷ್ಟು ನುಣ್ಣಗಿದ್ರೆ ಅಷ್ಟು ಒಳ್ಳೇದು. ನೀರಿರೋ ಸ್ಟೀವಿಯಾ ಡ್ರಾಪ್ಸ್ ಹಾಕ್ಬೇಡಿ, ಸ್ವಲ್ಪ ನೀರು ಬಿದ್ರೂ ಕರಗಿದ ಚಾಕ್ಲೇಟ್ ಗಂಟು ಕಟ್ಟತ್ತೆ. ಟೆಂಪರಿಂಗ್, ಅಂದ್ರೆ ಚಾಕ್ಲೇಟ್‌ನ ಹದವಾಗಿ ಬಿಸಿ ಮಾಡಿ ಆರಿಸೋದು, ಸ್ವಲ್ಪ ತಾಳ್ಮೆ ಕೆಲ್ಸ, 45-50 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ತಂದು ಮೋಲ್ಡ್‌ಗೆ ಹಾಕಿದ್ರೆ ಹೊಳಪು ಬರತ್ತೆ, ಮುರಿದ್ರೆ ಟಕ್ ಅನ್ನತ್ತೆ, ಇಲ್ದಿದ್ರೆ ಸ್ವಲ್ಪ ದಿನಕ್ಕೇ ಬೆಳ್ಳಗೆ ಪದರ ಬರತ್ತೆ, ತಿನ್ನೋಕೆ ತೊಂದ್ರೆ ಇಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ. ಸಿಹಿ ಎಷ್ಟು ಅಂತ ನಾವೇ ತೀರ್ಮಾನ ಮಾಡ್ಬೋದು ಅನ್ನೋದು ಇದರ ದೊಡ್ಡ ಲಾಭ, ಆದ್ರೆ ಡಿಸೆಂಬರ್‌ನಲ್ಲಿ ಅಷ್ಟು ಟೈಮ್ ಎಲ್ಲರಿಗೂ ಎಲ್ಲಿರತ್ತೆ.

ರೆಡಿಮೇಡ್ ಶುಗರ್‌ಫ್ರೀ ಕ್ಯಾಲೆಂಡರ್ ಕೂಡ ನೋಡಿದೆ, 24 ಬಾಗಿಲಿಗೂ ಒಂದೇ ರುಚಿ, ಒಂದೇ ಮಾಲ್ಟಿಟಾಲ್. ಅದರ ಬದ್ಲು ಬಟ್ಟೆ ಜೇಬುಗಳಿರೋ, ವರ್ಷ ವರ್ಷ ಬಳಸೋ ಕ್ಯಾಲೆಂಡರ್ ತಗೊಂಡು ನಾವೇ ತುಂಬಿದ್ರೆ ಬೇಕಾದ್ದು ಇಡ್ಬೋದು. ನಮ್ಮನೆಯವ್ರ ಜೇಬುಗಳಲ್ಲಿ ಜಾಸ್ತಿ 90 ಪರ್ಸೆಂಟ್ ಮತ್ತೆ ಬಾದಾಮಿ, ಭಾನುವಾರ ಮಿಂಟ್, ಕೊನೇ ದಿನ ಒಂದೇ ಒಂದು ಮಾಲ್ಟಿಟಾಲ್ ಮಿಲ್ಕ್ ಚಾಕ್ಲೇಟ್. ತಗೊಳ್ಳುವಾಗ ನೋ ಆಡೆಡ್ ಶುಗರ್ ಅಂತಿದ್ರೆ ಹಿಂದಿನ ಪಟ್ಟೀನೂ ಓದಿ, ಮಿಲ್ಕ್ ಚಾಕ್ಲೇಟ್ ಆದ್ರೆ ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆ ಅದರಲ್ಲಿ ಇದ್ದೇ ಇರತ್ತೆ. ಮನೇಲಿ ನಾಯಿ ಇದ್ರೆ ಜೇಬುಗಳನ್ನ ಎತ್ತರದಲ್ಲಿ ನೇತುಹಾಕಿ, ಚಾಕ್ಲೇಟೇ ನಾಯಿಗೆ ವಿಷ, ಅದರಲ್ಲಿ ಜೈಲಿಟಾಲ್ ಅನ್ನೋ ಸ್ವೀಟ್ನರ್ ಇದ್ರಂತೂ ತುಂಬಾ ಅಪಾಯ.

ಇನ್ನೊಂದು, ಇನ್ಸುಲಿನ್ ಅಥವಾ ಶುಗರ್ ಇಳಿಸೋ ಮಾತ್ರೆ ತಗೊಳ್ಳೋರು ಗಮನಿಸ್ಬೇಕು. ಶುಗರ್ ಲೋ ಆಗಿ ಬೆವರು, ನಡುಕ ಬಂದಾಗ ಕ್ಯಾಲೆಂಡರ್‌ನಿಂದ ಇವನ್ನ ತೆಗೆದು ತಿಂದ್ರೆ ಏನೂ ಪ್ರಯೋಜನ ಇಲ್ಲ, ಮಾಮೂಲಿ ಚಾಕ್ಲೇಟ್ ಕೂಡ ಕೊಬ್ಬಿನಿಂದಾಗಿ ನಿಧಾನಕ್ಕೇ ಕೆಲ್ಸ ಮಾಡತ್ತೆ. ಆಗ ಬೇಕಾಗಿರೋದು ಗ್ಲೂಕೋಸ್ ಅಥವಾ ಸಕ್ಕರೆ ನೀರು, ಅದನ್ನ ಬೇರೆಯಾಗಿ ಕೈಗೆ ಸಿಗೋ ಕಡೆ ಇಟ್ಕೊಂಡಿರಿ.